ಹೋಲುವವರೆಲ್ಲ ನೆಂಟರಲ್ಲ

ಇಟಾಲಿಯನ್ನಿನ ‘ಇ’, ತಿರೋಲಿನ ಜರ್ಮನ್ನಿನ ‘ಇ’. ಉಚ್ಚಾರ ಒಂದೇ, ಕೇಳಿಸುವ ಊರೂ ಒಂದೇ. ಸಂಬಂಧ ಮಾತ್ರ ಇಲ್ಲ. ಇಟಾಲಿಯನ್ನಿನ ‘ನೊಯ್’ ಮತ್ತು ಜರ್ಮನ್ನಿನ ‘ಉನ್ಸ್’ ಪದಗಳಲ್ಲಿ ಹೋಲಿಕೆ ಕಾಣುವುದೇ ಕಷ್ಟ. ಅವು ಮಾತ್ರ ಒಂದೇ ಬೇರಿನವು. ಭಾಷೆಯ ಅತಿ ಪುಟ್ಟ ಪದಗಳೊಳಗೆ ಅಡಗಿರುವ ವಂಶಾವಳಿಯ ಕಥೆ ಇದು.

ಸೆಪ್ಟೆಂಬರ್ ಕೊನೆಯ ವಾರ. ಇಟಲಿಯ ಉತ್ತರದ ಅಂಚಿನಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ ಇರುವ ಬೊಲ್ಜಾನೊ ಪಟ್ಟಣ. ಸುತ್ತಲ ಕಣಿವೆಗಳಲ್ಲಿ ಸೇಬಿನ ಕೊಯ್ಲು ನಡೆದಿದೆ. ಪೇಟೆಯ ಚೌಕದಲ್ಲಿ ಕೆಂಪು, ಹಸಿರು, ಹಳದಿ ಸೇಬಿನ ರಾಶಿ.

ಈ ಚೌಕಕ್ಕೆ ಎರಡು ಹೆಸರು. ಇಟಾಲಿಯನ್ನಿನಲ್ಲಿ ‘ಪಿಯಾತ್ಸಾ ದೆಲ್ಲೆ ಎರ್ಬೆ’, ಅಂದರೆ ಸೊಪ್ಪಿನ ಚೌಕ. ಜರ್ಮನ್ನಿನಲ್ಲಿ ‘ಓಬ್ಸ್ಟ್‌ಪ್ಲಾಟ್ಸ್’, ಅಂದರೆ ಹಣ್ಣಿನ ಚೌಕ. ಊರಿಗೂ ಎರಡು ಹೆಸರು: ಒಬ್ಬರಿಗೆ ಬೊಲ್ಜಾನೊ, ಇನ್ನೊಬ್ಬರಿಗೆ ಬೋಟ್ಸೆನ್.

ಅಂಗಡಿಯಾಕೆ ಒಬ್ಬ ಗಿರಾಕಿಗೆ ಇಟಾಲಿಯನ್ನಿನಲ್ಲಿ ಬೆಲೆ ಹೇಳುತ್ತಾಳೆ. ಮರುಕ್ಷಣವೇ ಪಕ್ಕದಲ್ಲಿ ನಿಂತವನಿಗೆ ತಿರೋಲ್ ಸೀಮೆಯ ಜರ್ಮನ್ನಿನಲ್ಲಿ ಉತ್ತರ ಕೊಡುತ್ತಾಳೆ. ಎರಡೂ ಮಾತುಗಳ ನಡುವೆ ಕೆಲವು ಪುಟ್ಟ ಪದಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ‘ಇ’, ‘ಮಿ’, ‘ದಿ’.

ಆಕೆ ಇಟಾಲಿಯನ್ನಿನಲ್ಲಿ ‘ಇ ಪೊಮೊದೋರಿ’ ಎಂದಾಗ ಆ ‘ಇ’ ಟೊಮೆಟೊ ಎಂಬ ಬಹುವಚನದ ಮುಂದೆ ಕೂತ ಆರ್ಟಿಕಲ್, ಇಂಗ್ಲಿಷಿನ ‘ದ’ ಇದ್ದ ಹಾಗೆ. ತಿರೋಲಿನ ಮಾತಿಗೆ ಹೊರಳಿದಾಗ ಅದೇ ‘ಇ’ ಎಂದರೆ ‘ನಾನು’. ಇಟಾಲಿಯನ್ನಿನ ‘ದಿ’ ನಮ್ಮ ಷಷ್ಠೀ ವಿಭಕ್ತಿಯ ಕೆಲಸ ಮಾಡುತ್ತದೆ. ತಿರೋಲಿನ ‘ದಿ’ ಎಂದರೆ ‘ನಿನ್ನನ್ನು’. ‘ಮಿ’ಯದು ಇನ್ನೊಂದು ಬಗೆ. ಅದು ಎರಡೂ ಕಡೆ ‘ನನ್ನನ್ನು’.

ಪ್ರತಿವರ್ಷ ಸೆಪ್ಟೆಂಬರ್ 26ರಂದು ಯುರೋಪಿನಲ್ಲಿ ಭಾಷಾ ದಿನ ಆಚರಿಸುತ್ತಾರೆ. ಬಹುಭಾಷೆಯ ಬಾಳಿನ ಬಗ್ಗೆ ಭಾಷಣಗಳು ನಡೆಯುವ ಆ ದಿನ, ಬೊಲ್ಜಾನೊ ಪೇಟೆ ಒಂದು ಹಳೆಯ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತದೆ. ಎರಡು ಭಾಷೆಗಳ ಪದಗಳು ಒಂದೇ ಥರ ಕೇಳಿಸಿದರೆ ಅವು ನೆಂಟರೇ? ನೆರೆಯವರೇ? ಇಲ್ಲವೇ ದಾರಿಯಲ್ಲಿ ಎದುರಾದ ಅಪರಿಚಿತರೇ?

ಒಂದು ‘ಆ’, ಹತ್ತಾರು ಮಕ್ಕಳು

ಇಟಾಲಿಯನ್ ಕಲಿಯಲು ಕೂತವರಿಗೆ ಮೊದಲ ತೊಡಕು ಆರ್ಟಿಕಲ್. ಇಂಗ್ಲಿಷಿಗೆ ಒಂದೇ ‘ದ’ ಸಾಕು. ಇಟಾಲಿಯನ್ನಿಗೆ ಇಲ್, ಲೊ, ಲಾ, ಇ, ಲ್ಯಿ, ಲೆ ಎಲ್ಲ ಬೇಕು. ಲಿಂಗ, ವಚನ, ಮುಂದಿನ ಪದದ ಮೊದಲ ಸದ್ದು ಎಲ್ಲವನ್ನೂ ನೋಡಿ ಆರಿಸಬೇಕು.

ಇಷ್ಟೆಲ್ಲ ಆರ್ಟಿಕಲ್ ಇರುವ ಭಾಷೆಯ ತಾಯಿಗೆ ಒಂದೂ ಆರ್ಟಿಕಲ್ ಇರಲಿಲ್ಲ. ಲ್ಯಾಟಿನ್ ನಮ್ಮ ಸಂಸ್ಕೃತ, ಕನ್ನಡಗಳ ಹಾಗೆಯೇ ಅದಿಲ್ಲದೆ ಸುಖವಾಗಿತ್ತು. ಅದರಲ್ಲಿ ಇದ್ದದ್ದು ‘ಇಲ್ಲೆ’ ಎಂಬ ಪದ. ಅರ್ಥ ‘ಆ’, ‘ಅವನು’. ಹೆಣ್ಣಿಗೆ ‘ಇಲ್ಲಾ’.

ರೋಮ್ ಸಾಮ್ರಾಜ್ಯ ಕುಸಿದ ಮೇಲಿನ ಶತಮಾನಗಳಲ್ಲಿ ಜನ ಈ ‘ಇಲ್ಲೆ’ಯನ್ನು ಮಾತುಮಾತಿಗೂ ಬಳಸತೊಡಗಿದರು. ‘ಆ ಮನುಷ್ಯ’, ‘ಆ ಮನೆ’ ಎಂದು ಹೇಳಿ ಹೇಳಿ, ಬೆರಳು ಮಾಡಿ ತೋರಿಸುವ ‘ಆ’ದ ಬಲ ಕುಂದಿತು. ಪದ ಸವೆಯಿತು. ‘ಇಲ್ಲುಮ್’ ಸವೆದು ‘ಲೊ’ ಮತ್ತು ‘ಇಲ್’ ಆದವು, ‘ಇಲ್ಲಾ’ ಸವೆದು ‘ಲಾ’ ಆಯಿತು. ಹಾಗೆ ಹುಟ್ಟಿತು ಆರ್ಟಿಕಲ್.

ಅದೇ ‘ಇಲ್ಲೆ’ ಇನ್ನೊಂದು ದಾರಿಯನ್ನೂ ಹಿಡಿಯಿತು. ನಾಮಪದದ ಜೊತೆ ಬಂದಾಗ ಆರ್ಟಿಕಲ್ ಆದದ್ದು, ಒಂಟಿಯಾಗಿ ನಿಂತಾಗ ಸರ್ವನಾಮವಾಯಿತು. ‘ಲುಯ್’ ಅಂದರೆ ಅವನು, ‘ಲೇಯ್’ ಅಂದರೆ ಅವಳು, ‘ಲೋರೊ’ ಅಂದರೆ ಅವರು. ಇಟಾಲಿಯನ್ನಿನ ‘ಲಾ’ ಒಮ್ಮೆ ಆರ್ಟಿಕಲ್, ಇನ್ನೊಮ್ಮೆ ‘ಅವಳನ್ನು’ ಎಂಬ ಸರ್ವನಾಮ ಆಗುವುದರ ಗುಟ್ಟು ಇಷ್ಟೇ. ಎರಡಕ್ಕೂ ತಾಯಿ ಒಬ್ಬಳೇ.

ಪಕ್ಕದ ಫ್ರಾನ್ಸಿನಲ್ಲಿ ‘ಇಲ್’ ಎಂದರೆ ಅವನು. ಇಟಲಿಯಲ್ಲಿ ‘ಇಲ್’ ಎಂದರೆ ಆರ್ಟಿಕಲ್. ಅಕ್ಷರವೂ ಒಂದೇ, ಮೂಲವೂ ಒಂದೇ, ಕೆಲಸ ಮಾತ್ರ ಬೇರೆ. ಕನ್ನಡದ ಕಿವಿಗೆ ಇದು ಬಲು ಹತ್ತಿರದ್ದು. ನಮ್ಮ ಅವನು, ಅವಳು, ಅದು ಎಲ್ಲದರ ಹಿಂದೆಯೂ ದೂರದ್ದನ್ನು ತೋರಿಸುವ ಅದೇ ‘ಆ’ ಕೂತಿದೆ.

ಈ ಬದಲಾವಣೆಗೆ ಬರಹದ ಸಾಕ್ಷಿಯೂ ಇದೆ. ಕ್ರಿ.ಶ. 960ರಲ್ಲಿ ದಕ್ಷಿಣ ಇಟಲಿಯ ಕಾಪುವಾದಲ್ಲಿ ಮೊಂಟೆಕಸ್ಸಿನೊ ಮಠದ ಜಮೀನಿನ ತಕರಾರು ನ್ಯಾಯಾಧೀಶರ ಮುಂದೆ ಬಂತು. ದಾಖಲೆಯೆಲ್ಲ ಲ್ಯಾಟಿನ್ನಿನಲ್ಲಿದೆ. ಆದರೆ ಸಾಕ್ಷಿ ನುಡಿದ ವಾಕ್ಯವನ್ನು ಮಾತ್ರ ಆಡುಮಾತಿನಲ್ಲೇ ಬರೆದಿಟ್ಟರು. ಆ ಒಂದೇ ವಾಕ್ಯದಲ್ಲಿ ‘ಅವುಗಳನ್ನು’ ಎಂಬ ಅರ್ಥದ ‘ಲೆ’ ಕಾಣಿಸಿಕೊಳ್ಳುತ್ತದೆ. ಇಟಲಿಯ ಆಡುಮಾತಿನ ಅತಿ ಹಳೆಯ ದಾಖಲೆಗಳಲ್ಲಿ ಇದನ್ನು ಎಣಿಸುತ್ತಾರೆ.

◼ ಬಾಕ್ಸ್: ‘ಇಲ್’ ಎಲ್ಲಿ, ‘ಲೊ’ ಎಲ್ಲಿ?

• ‘ಇಲ್ ಕಾನೆ’ ಎಂದರೆ ನಾಯಿ. ಸಾಮಾನ್ಯ ವ್ಯಂಜನದ ಮುಂದೆ ‘ಇಲ್’.

• ‘ಲೊ ಸ್ತುದೆಂತೆ’ ಎಂದರೆ ವಿದ್ಯಾರ್ಥಿ. ‘ಸ್ತ’, ‘ಸ್ಪ’ದಂಥ ಒತ್ತಕ್ಷರದಿಂದ ಶುರುವಾಗುವ ಪದಕ್ಕೆ ‘ಲೊ’.

• ‘ಲೊ ತ್ಸಿಯೊ’ ಎಂದರೆ ಚಿಕ್ಕಪ್ಪ, ದೊಡ್ಡಪ್ಪ, ಮಾವ ಎಲ್ಲರೂ. ಇಲ್ಲಿಯೂ ‘ಲೊ’ಯೇ.

• ಸ್ವರದ ಮುಂದೆ ಸಂಧಿಯಾಗಿ ‘ಲ್’ ಮಾತ್ರ ಉಳಿಯುತ್ತದೆ: ‘ಲಮೀಕೊ’, ಗೆಳೆಯ.

• ನಿಯಮಗಳ ಹಿಂದಿನ ಕಾರಣ ಒಂದೇ, ಉಚ್ಚಾರದ ಸರಾಗ. ವ್ಯಂಜನಗಳು ಒಂದರ ಮೇಲೊಂದು ಬೀಳದಂತೆ ನಡುವೆ ಸ್ವರ ಬೇಕು.

ಪಾಲು ಹಾಲಾದಂತೆ

ಈಗ ನೆಂಟರ ವಿಚಾರ. ಇಟಾಲಿಯನ್ನಿನಲ್ಲಿ ‘ನೀನು’ ಎನ್ನಲು ‘ತು’. ಜರ್ಮನ್ನಿನಲ್ಲಿ ‘ಡೂ’. ಹಳೆಯ ಇಂಗ್ಲಿಷಿನಲ್ಲಿ ‘ಥೂ’, ಮುಂದೆ ಅದೇ ‘ದೌ’. ಸಂಸ್ಕೃತದಲ್ಲಿ ‘ತ್ವಮ್’. ಇವು ನಿಜವಾದ ನೆಂಟರು. ಇಂಡೊ-ಯುರೋಪಿಯನ್ ಎಂಬ ಒಂದೇ ಮನೆತನದವು.

ನೆಂಟಸ್ತಿಕೆ ಗೊತ್ತಾಗಿದ್ದು ಹೇಗೆ? ಪದಗಳು ಹೋಲುತ್ತವೆ ಎಂದಲ್ಲ. ಅವು ಬೇರೆಯಾಗಿರುವ ರೀತಿಯಲ್ಲಿ ಒಂದು ಕ್ರಮ ಇದೆ ಎಂದು.

ಈ ಲೆಕ್ಕ ಕನ್ನಡಿಗರಿಗೆ ಹೊಸದಲ್ಲ. ಹಳಗನ್ನಡದ ‘ಪಾಲ್’ ಇಂದು ‘ಹಾಲು’. ‘ಪುಲಿ’ ಹುಲಿಯಾಗಿದೆ, ‘ಪಲ್’ ಹಲ್ಲಾಗಿದೆ, ‘ಪೂ’ ಹೂವಾಗಿದೆ. ತಮಿಳರು ಇಂದಿಗೂ ಪಾಲ್, ಪುಲಿ, ಪಲ್, ಪೂ ಎನ್ನುತ್ತಾರೆ. ಅಲ್ಲಿ ‘ಪ’ ಇದ್ದ ಕಡೆ ಇಲ್ಲಿ ‘ಹ’. ಒಂದು ಪದದಲ್ಲಿ ಹೀಗಾದರೆ ಅದು ಆಕಸ್ಮಿಕ ಎನ್ನಬಹುದು. ಪದದ ಮೇಲೆ ಪದ ಹೀಗೇ ಸಾಲುಗಟ್ಟಿದರೆ ಅದು ವಂಶದ ಗುರುತು.

ಜರ್ಮನಿಕ್ ಭಾಷೆಗಳಲ್ಲಿ ಇಂಥದೇ ಒಂದು ಪಲ್ಲಟ ನಡೆಯಿತು. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ ಅದನ್ನು ಗುರುತಿಸಿದ. ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಅದಕ್ಕೆ ಸೂತ್ರದ ರೂಪ ಕೊಟ್ಟ. ಅಜ್ಜಿಕಥೆಗಳನ್ನು ಕಲೆಹಾಕಿದ ಗ್ರಿಮ್ ಸೋದರರಲ್ಲಿ ಹಿರಿಯನೇ ಈತ.

ಸೂತ್ರ ಹೀಗಿದೆ. ಲ್ಯಾಟಿನ್ ಕಡೆ ‘ಪ’ ಇದ್ದರೆ ಜರ್ಮನಿಕ್ ಕಡೆ ‘ಫ’: ಇಟಾಲಿಯನ್ನಿನ ‘ಪಾದ್ರೆ’, ಇಂಗ್ಲಿಷಿನ ‘ಫಾದರ್’. ‘ತ’ ಇದ್ದರೆ ‘ಥ’: ‘ತ್ರೆ’, ‘ಥ್ರೀ’. ‘ಕ’ ಇದ್ದರೆ ‘ಹ’: ‘ಕುವೋರೆ’, ‘ಹಾರ್ಟ್’. ‘ದ’ ಇದ್ದರೆ ‘ಟ’: ‘ದೂಯೆ’, ‘ಟೂ’. ‘ಗ’ ಇದ್ದರೆ ‘ಕ’.

ಇದೇ ಸೂತ್ರ ಹಿಡಿದು ಸರ್ವನಾಮಗಳ ಬಳಿಗೆ ಬನ್ನಿ. ಲ್ಯಾಟಿನ್ನಿನ ‘ಎಗೊ’, ಅಂದರೆ ನಾನು, ಇಟಲಿಯಲ್ಲಿ ಗಕಾರ ಕಳೆದುಕೊಂಡು ‘ಇಯೊ’ ಆಯಿತು. ಜರ್ಮನಿಕ್ ಕಡೆ ಗಕಾರ ಕಕಾರವಾಗಿ ‘ಇಕ್’ ಆಯಿತು. ಡಚ್ಚರು ಇಂದಿಗೂ ‘ಇಕ್’ ಎನ್ನುತ್ತಾರೆ. ಜರ್ಮನ್ನರು ‘ಇಷ್’ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ವ್ಯಂಜನ ಉದುರಿ ‘ಐ’ ಉಳಿಯಿತು. ತಿರೋಲಿನವರ ಬಾಯಲ್ಲಿ ‘ಇ’ ಉಳಿಯಿತು.

ಹಾಗಾದರೆ ಬೊಲ್ಜಾನೊ ಪೇಟೆಯ ತಿರೋಲ್ ‘ಇ’ಗೆ ಇಟಾಲಿಯನ್ನಿನಲ್ಲಿ ನೆಂಟ ಇಲ್ಲವೆಂದಲ್ಲ. ಅದರ ನೆಂಟ ‘ಇಯೊ’. ತನ್ನಂತೆಯೇ ಕೇಳಿಸುವ ಆರ್ಟಿಕಲ್ ‘ಇ’ ಅದಕ್ಕೆ ಯಾರೂ ಅಲ್ಲ.

ಇನ್ನೂ ಚೆಂದದ ಜೋಡಿ ‘ನೊಯ್’ ಮತ್ತು ‘ಉನ್ಸ್’. ಇಟಾಲಿಯನ್ನಿನ ‘ನೊಯ್’ ಅಂದರೆ ನಾವು, ಜರ್ಮನ್ನಿನ ‘ಉನ್ಸ್’ ಅಂದರೆ ನಮ್ಮನ್ನು. ನೋಡಿದರೆ ಎಲ್ಲಿಯ ಹೋಲಿಕೆ ಅನ್ನಿಸುತ್ತದೆ. ಲ್ಯಾಟಿನ್ನಿನ ‘ನೋಸ್’, ಸಂಸ್ಕೃತದ ‘ನಃ’ ನಡುವೆ ಇಟ್ಟು ನೋಡಿದರೆ ತಿಳಿಯುತ್ತದೆ, ಎಲ್ಲದರ ಬೇರೂ ‘ನಸ್’ನಂಥ ಒಂದೇ ಮೂಲ. ಇಂಗ್ಲಿಷಿನ ‘ಅಸ್’ ಕೂಡ ಇದೇ ಪದ. ದಾರಿಯಲ್ಲಿ ಅದರ ನಕಾರ ಉದುರಿತು.

ಈ ಹಳೆಯ ರೂಪಗಳನ್ನು ಇಂದಿಗೂ ಕಣ್ಣಾರೆ ಕಾಣಬಹುದು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ‘ಬೆಳ್ಳಿಯ ಹೊತ್ತಗೆ’ ಎಂಬ ಬೈಬಲ್ ಇದೆ. ನೇರಳೆ ಬಣ್ಣದ ಚರ್ಮದ ಹಾಳೆ, ಬೆಳ್ಳಿ ಬಂಗಾರದ ಶಾಯಿ, ಗಾಥಿಕ್ ಭಾಷೆ. ಉಪ್ಸಾಲಾದಲ್ಲಿ ಉಳಿದಿರುವುದು 187 ಹಾಳೆ. ಅದರಲ್ಲಿ ‘ಇಕ್’ ಇದೆ, ‘ಮಿಕ್’ ಇದೆ, ‘ಥು’ ಇದೆ. ಜರ್ಮನಿಕ್ ಭಾಷೆಗಳ ಈ ಅಮೂಲ್ಯ ಹಸ್ತಪ್ರತಿ ತಯಾರಾದದ್ದು ಬಹುಮಟ್ಟಿಗೆ ಇಟಲಿಯ ರಾವೆನ್ನಾದಲ್ಲಿ, 6ನೇ ಶತಮಾನದ ಆರಂಭದಲ್ಲಿ, ಗಾಥ್ ದೊರೆ ಥಿಯೊಡೊರಿಕನ ಕಾಲದಲ್ಲಿ ಎಂದು ವಿದ್ವಾಂಸರು ನಂಬುತ್ತಾರೆ.

◼ ಬಾಕ್ಸ್: ಸದ್ದು ಒಂದೇ, ಮೂಲ ಬೇರೆ

• ವಿ: ಇಟಾಲಿಯನ್ನಿನಲ್ಲಿ ‘ನಿಮ್ಮನ್ನು’. ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ನಿನಲ್ಲಿ ‘ನಾವು’. ಸ್ಕ್ಯಾಂಡಿನೇವಿಯದ ‘ವಿ’ಗೆ ನೆಂಟ ಸಂಸ್ಕೃತದ ‘ವಯಮ್’.

• ಲೇಯ್: ಇಟಾಲಿಯನ್ನಿನಲ್ಲಿ ‘ಅವಳು’, ಗೌರವದ ‘ತಾವು’. ರೋಮನ್ ಲಿಪಿಯಲ್ಲಿ ಅಕ್ಷರಕ್ಕಕ್ಷರ ಹೀಗೇ ಬರೆಯುವ ತಿರೋಲಿನ ಪದಕ್ಕೆ ‘ಮಾತ್ರ’, ‘ಬರೀ’ ಎಂದು ಅರ್ಥ; ಉಚ್ಚಾರ ‘ಲೈ’.

• ಎಸ್ಸೊ, ಎಸ್: ಇಟಾಲಿಯನ್ನಿನ ‘ಎಸ್ಸೊ’ ಅಂದರೆ ಅದು. ಜರ್ಮನ್ನಿನ ‘ಎಸ್’ ಅಂದರೂ ಅದು. ಅರ್ಥವೂ ಹೊಂದುತ್ತದೆ, ಆದರೂ ಅವೆರಡು ಒಂದೇ ಪದವಲ್ಲ. ಮೊದಲನೆಯದು ಲ್ಯಾಟಿನ್ನಿನ ‘ಇಪ್ಸೆ’, ಅಂದರೆ ‘ತಾನೇ’ ಎಂಬುದರಿಂದ ಬಂದದ್ದು.

• ಹಾಬೆನ್, ಹಬೇರೆ: ಜರ್ಮನ್ನಿನ ‘ಹಾಬೆನ್’, ಇಂಗ್ಲಿಷಿನ ‘ಹ್ಯಾವ್’ ಪದಗಳು ಲ್ಯಾಟಿನ್ನಿನ ‘ಹಬೇರೆ’ಯಂತೆ ಕಾಣುತ್ತವೆ, ಅರ್ಥವೂ ಒಂದೇ. ಗ್ರಿಮ್ ಸೂತ್ರದ ಪ್ರಕಾರ ಇಂಗ್ಲಿಷ್ ‘ಹ’ಗೆ ಲ್ಯಾಟಿನ್ನಿನಲ್ಲಿ ‘ಕ’ ಇರಬೇಕು. ಅದರ ನಿಜವಾದ ನೆಂಟ ‘ಕಪೆರೆ’, ಅಂದರೆ ಹಿಡಿ.

• ಇಯೊ: ಇಟಲಿಯ ಕವಿ ದಾಂತೆ 14ನೇ ಶತಮಾನದ ಆರಂಭದಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಭಾಷಾಗ್ರಂಥದಲ್ಲಿ, ಉತ್ತರ ಯುರೋಪಿನವರು ‘ಹೌದು’ ಎನ್ನಲು ‘ಇಯೊ’ ಎನ್ನುತ್ತಾರೆ ಎಂದು ಗುರುತು ಹಾಕಿದ್ದ. ಅವನ ಊರಿನಲ್ಲಿ ಅದೇ ಸದ್ದಿಗೆ ಅರ್ಥ ‘ನಾನು’.

ನೆರೆಮನೆಯ ರೂಢಿ

ನೆಂಟರೂ ಅಲ್ಲದ, ಅಪರಿಚಿತರೂ ಅಲ್ಲದ ಮೂರನೆಯ ಬಗೆಯ ಹೋಲಿಕೆ ಒಂದಿದೆ. ಆರ್ಟಿಕಲ್ ಬಳಸುವ ರೂಢಿಯೇ ಅಂಥದ್ದು.

ಜರ್ಮನ್ನಿನ ಡೇರ್, ಡೀ, ಡಾಸ್ ಮತ್ತು ಇಂಗ್ಲಿಷಿನ ‘ದ’ ಪದಗಳ ಬೇರು ಸಂಸ್ಕೃತದ ‘ತತ್’ ಇರುವ ಕಡೆಯದು. ಇಟಾಲಿಯನ್ನಿನ ಆರ್ಟಿಕಲ್ಲುಗಳು ‘ಇಲ್ಲೆ’ಯಿಂದ ಬಂದವು. ಬೇರು ಬೇರೆ, ಕೆಲಸ ಒಂದೇ. ಮೂಲ ಮನೆತನದಲ್ಲಿ ಆರ್ಟಿಕಲ್ ಇರಲೇ ಇಲ್ಲ. ಸಂಸ್ಕೃತಕ್ಕೂ ಇಲ್ಲ, ಇಂದಿನ ರಷ್ಯನ್ ಭಾಷೆಗೂ ಇಲ್ಲ.

ಎರಡೂ ಗುಂಪುಗಳು ಬೆರಳು ತೋರಿಸುವ ‘ಆ’ಯನ್ನು ಆರ್ಟಿಕಲ್ ಮಾಡಿಕೊಂಡವು. ‘ಒಂದು’ ಎಂಬ ಸಂಖ್ಯೆಯನ್ನು ಎರಡೂ ಅನಿಶ್ಚಿತತೆಗೆ ಬಳಸಿಕೊಂಡವು: ಇಟಲಿಯ ‘ಊನೊ’, ಜರ್ಮನಿಯ ‘ಐನ್’. ಅದೂ ಹೆಚ್ಚು ಕಡಿಮೆ ಒಂದೇ ಕಾಲಘಟ್ಟದಲ್ಲಿ. ಆಗ ಗಾಥರು ಇಟಲಿಯಲ್ಲಿ ಆಳುತ್ತಿದ್ದರು. 568ರಲ್ಲಿ ಬಂದ, ಜರ್ಮನಿಕ್ ನುಡಿಯವರೇ ಆದ ಲೊಂಬಾರ್ಡರು 774ರವರೆಗೆ ರಾಜ್ಯ ಆಳಿದರು. ಒಂದೇ ಸಂತೆಯಲ್ಲಿ ಕೊಂಡು ಮಾರಿದವರು, ಒಂದೇ ಮನೆಯಲ್ಲಿ ಎರಡು ಭಾಷೆ ಆಡಿದವರು ಪದಗಳನ್ನಷ್ಟೇ ಅಲ್ಲ, ವಾಕ್ಯ ಕಟ್ಟುವ ರೂಢಿಯನ್ನೂ ಹಂಚಿಕೊಳ್ಳುತ್ತಾರೆ.

ಗೌರವದ ಮಾತಿನಲ್ಲೂ ಇದೇ ಕಥೆ. ಇಟಾಲಿಯನ್ನರು ಹಿರಿಯರಿಗೆ, ಅಪರಿಚಿತರಿಗೆ ‘ಲೇಯ್’ ಎನ್ನುತ್ತಾರೆ, ಅಕ್ಷರಶಃ ‘ಅವಳು’. ಅದು ಹೊರಟದ್ದು ‘ತಮ್ಮ ಪ್ರಭುತ್ವ’ ಎಂಬ ಅರ್ಥದ ಸ್ತ್ರೀಲಿಂಗ ಪದದಿಂದ. ಜರ್ಮನ್ನರು ‘ಜೀ’ ಎನ್ನುತ್ತಾರೆ, ಅಕ್ಷರಶಃ ‘ಅವರು’. ನಾವು ‘ತಾನು’ವಿನ ಬಹುವಚನವನ್ನೇ ಎದುರಿಗಿದ್ದವರಿಗೆ ಬಳಸಿ ‘ತಾವು ಬನ್ನಿ’ ಎನ್ನುತ್ತೇವೆ. ಮರ್ಯಾದೆ ಬೇಕಾದಾಗ ಮಧ್ಯಮ ಪುರುಷವನ್ನು ಬಿಟ್ಟು ಪ್ರಥಮ ಪುರುಷದ ಮರೆಗೆ ಸರಿಯುವುದು ಮೂರೂ ಕಡೆ ಕಂಡ ಜಾಣ್ಮೆ.

ಸರ್ವನಾಮಕ್ಕೂ ಸರ್ಕಾರಿ ಆಜ್ಞೆ

ಈ ‘ಲೇಯ್’ ಒಮ್ಮೆ ಅಧಿಕಾರದ ಕಣ್ಣಿಗೆ ಬಿತ್ತು. ಅದು ಪರದೇಶದ ಗುಲಾಮಗಿರಿಯ ಗುರುತು ಎಂದು ಮುಸೊಲಿನಿಯ ಆಡಳಿತ 1938ರಲ್ಲಿ ಅದರ ಮೇಲೆ ಸಮರ ಸಾರಿತು. ಅದರ ಬದಲು ‘ವೊಯ್’, ಅಂದರೆ ‘ನೀವು’ ಎನ್ನಬೇಕು ಎಂದು ಆಜ್ಞೆಯಾಯಿತು. ‘ಲೇಯ್’ ಎಂಬ ಹೆಸರಿನ ಮಹಿಳಾ ಪತ್ರಿಕೆ ‘ಅನ್ನಾಬೆಲ್ಲಾ’ ಎಂದು ಹೆಸರು ಬದಲಿಸಿಕೊಂಡಿತು. 1939ರಲ್ಲಿ ಟ್ಯೂರಿನ್ನಿನಲ್ಲಿ ‘ಲೇಯ್’ ವಿರೋಧಿ ಪ್ರದರ್ಶನವೂ ನಡೆಯಿತು. ಆಡಳಿತ ಬಿದ್ದಮೇಲೆ ಜನ ತಮ್ಮ ‘ಲೇಯ್’ಗೆ ಮರಳಿದರು.

ಸ್ವೀಡನ್ನಿನಲ್ಲಿ ಬದಲಾವಣೆ ಬಂದದ್ದು ಬೇರೆ ದಾರಿಯಲ್ಲಿ. 1967ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥ ಬ್ರೂರ್ ರೆಕ್ಸೆಡ್ ತನ್ನ ಸಿಬ್ಬಂದಿಯನ್ನೆಲ್ಲ ‘ಡು’ ಎಂದೇ ಮಾತಾಡಿಸುವುದಾಗಿ ಹೇಳಿದ. ಸಮಾನತೆಯ ಗಾಳಿ ಆಗಲೇ ಬೀಸುತ್ತಿತ್ತು. ಜನ ತಾವಾಗಿ ಒಪ್ಪಿದರು. ಪುಟ್ಟ ಪದಗಳು ಜನರ ಒಪ್ಪಿಗೆಯಿಂದ ಬದಲಾಗುತ್ತವೆ, ಬೆದರಿಕೆಯಿಂದ ಅಲ್ಲ.

ಬೊಲ್ಜಾನೊ ಸೀಮೆ ಬೆದರಿಕೆಯನ್ನು ಸಾಕಷ್ಟು ಉಂಡಿದೆ. ಮೊದಲ ಮಹಾಯುದ್ಧದ ನಂತರ ಈ ಸೀಮೆ, ಅಂದರೆ ದಕ್ಷಿಣ ತಿರೋಲ್, ಆಸ್ಟ್ರಿಯದ ಕೈತಪ್ಪಿ ಇಟಲಿಗೆ ಸೇರಿತು. 1923ರಿಂದ ಜರ್ಮನ್ ಶಾಲೆಗಳಿಗೆ ಬೀಗ ಬೀಳತೊಡಗಿತು. ಮಕ್ಕಳು ಮನೆಗಳ ಒಳಕೋಣೆಗಳಲ್ಲಿ ಕದ್ದು ತಾಯ್ನುಡಿ ಕಲಿತರು. ಎತ್ತೊರೆ ತೊಲೊಮೆಯ್ ಎಂಬಾತ ಸಾವಿರಾರು ಸ್ಥಳಗಳಿಗೆ ಇಟಾಲಿಯನ್ ಹೆಸರು ಹೊಂದಿಸಿದ. ಎಷ್ಟೋ ಕಡೆ ಜರ್ಮನ್ ಹೆಸರಿಗೆ ಇಟಾಲಿಯನ್ ಪ್ರತ್ಯಯ ಅಂಟಿಸಿದ್ದೇ ಹೊಸ ಹೆಸರಾಯಿತು. ಜರ್ಮನ್ ಕವಿ ವಾಲ್ಟರ್ ಫಾನ್ ಡೇರ್ ಫೋಗೆಲ್‌ವೈಡೆಯ 1889ರ ಪ್ರತಿಮೆಯನ್ನು 1935ರಲ್ಲಿ ಊರ ನಡುವಿನ ಚೌಕದಿಂದ ಎತ್ತಿಸಿದರು. ಅದು ಸ್ವಸ್ಥಾನಕ್ಕೆ ಮರಳಿದ್ದು 1981ರಲ್ಲಿ.

ಹೋಲಿಕೆಯನ್ನು ಹೊಲಿದು ಕೊಟ್ಟರೆ ಸಂಬಂಧ ಸಾಬೀತಾಗುತ್ತದೆ ಎಂಬ ಭ್ರಮೆಯೇ ಆ ಹೊಸ ಹೆಸರುಗಳ ಹಿಂದೆ ಇದ್ದದ್ದು. ಇಂದು ಅಲ್ಲಿನ ಕಾನೂನು ಉಲ್ಟಾ ದಾರಿ ಹಿಡಿದಿದೆ. 1972ರ ಸ್ವಾಯತ್ತ ಶಾಸನದ ಬಲದಿಂದ ಎರಡೂ ಭಾಷೆ ಸರಿಸಮ. ಸರ್ಕಾರಿ ನೌಕರಿಗೆ ಎರಡೂ ಬರಬೇಕು. 2011ರ ಗಣತಿಯಲ್ಲಿ ಸುಮಾರು ಶೇ 69 ಜನ ಜರ್ಮನ್, ಶೇ 26 ಜನ ಇಟಾಲಿಯನ್, ಶೇ 4.5ರಷ್ಟು ಜನ ಅಲ್ಲಿನ ಮೂರನೆಯ ನುಡಿಯಾದ ಲಾದಿನ್ ಭಾಷಾಗುಂಪಿಗೆ ಸೇರಿದವರೆಂದು ಹೇಳಿಕೊಂಡರು.

◼ ಬಾಕ್ಸ್: ನಮ್ಮ ಕಡಲತೀರದಲ್ಲಿ

• ಫ್ಲಾರೆನ್ಸಿನ ವರ್ತಕ ಫಿಲಿಪ್ಪೊ ಸಸ್ಸೆತ್ತಿ 1583ರಲ್ಲಿ ಕೊಚ್ಚಿಗೆ ಬಂದ. ಸಂಸ್ಕೃತದ ದೇವ, ಸರ್ಪ, ಸಪ್ತ, ಅಷ್ಟ, ನವ ಪದಗಳು ತನ್ನ ಭಾಷೆಯ ದಿಯೊ, ಸೆರ್ಪೆ, ಸೆತ್ತೆ, ಒತ್ತೊ, ನೋವೆ ಪದಗಳನ್ನು ಹೋಲುತ್ತವೆ ಎಂದು ಊರಿಗೆ ಕಾಗದ ಬರೆದ. 1588ರಲ್ಲಿ ಗೋವಾದಲ್ಲಿ ತೀರಿಕೊಂಡ. ವಿಲಿಯಂ ಜೋನ್ಸ್ ಕಲ್ಕತ್ತಾದಲ್ಲಿ ಇದೇ ನೆಂಟಸ್ತಿಕೆಯ ಬಗ್ಗೆ ತನ್ನ ಪ್ರಸಿದ್ಧ ಉಪನ್ಯಾಸ ಕೊಟ್ಟದ್ದು ಸುಮಾರು 200 ವರ್ಷಗಳ ನಂತರ, 1786ರಲ್ಲಿ.

• ಮಂಗಳೂರಿಗೆ 1834ರಲ್ಲಿ ಜರ್ಮನ್ ಮಾತಿನ ಬಾಸೆಲ್ ಮಿಷನ್ನಿನವರು ಬಂದರು; 1878ರ ಕೊನೆಗೆ ಇಟಲಿಯ ಜೆಸುಯಿಟ್ ಪಾದ್ರಿಗಳು ಬಂದರು. ಬಾಸೆಲ್ ಮಿಷನ್ನಿನ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಇಟಲಿಯ ಆಂತೋನಿಯೊ ಮೊಸ್ಕೇನಿ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆಗಳಿಗೆ ಚಿತ್ರ ಬರೆದರು.

ಕೇಳಬೇಕಾದ ಮೂರು ಪ್ರಶ್ನೆ

ಸಸ್ಸೆತ್ತಿಯ ಪಟ್ಟಿಗೂ ಇಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ‘ಜಗತ್ತಿನ ಭಾಷೆಗಳೆಲ್ಲ ನಮ್ಮದರಿಂದಲೇ ಹುಟ್ಟಿದವು’ ಎಂಬ ಪಟ್ಟಿಗೂ ಇರುವ ಅಂತರವನ್ನು ತಿಳಿಯುವುದು ಹೇಗೆ? ಅವನ ಪಟ್ಟಿ ಮುಂದೆ ಬಂದ ವಿದ್ವಾಂಸರ ಪರೀಕ್ಷೆಯಲ್ಲಿ ಉಳಿಯಿತು. ಎಷ್ಟೋ ಪಟ್ಟಿಗಳು ಪರೀಕ್ಷೆಗೆ ಸಿಗುವುದೇ ಇಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಮೊದಲ ಪ್ರಶ್ನೆ: ಯಾವ ಸದ್ದಿಗೆ ಯಾವ ಸದ್ದು ಸಮ? ಎರಡನೆಯದು: ಅದೇ ನಿಯಮ ಇನ್ನೂ ಹತ್ತು ಪದಗಳಲ್ಲಿ ನಿಲ್ಲುತ್ತದೆಯೇ? ಮೂರನೆಯದು: ಪದದ ಹಳೆಯ ರೂಪಗಳನ್ನು ಹಿಡಿದು ಹಿಂದೆ ಹೋದಂತೆ ಹೋಲಿಕೆ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ‘ನೊಯ್’, ‘ಉನ್ಸ್’ ಹಿಂದೆ ಹೋದಷ್ಟೂ ಹತ್ತಿರವಾಗುತ್ತವೆ. ಎರಡು ‘ಇ’ಗಳು ಹಿಂದೆ ಹೋದಷ್ಟೂ ದೂರವಾಗುತ್ತವೆ.

ನಮ್ಮ ಅಂಗಳದಲ್ಲೂ ಈ ಪರೀಕ್ಷೆ ನಡೆಯುತ್ತದೆ. ಕನ್ನಡದ ‘ಈ’ ಹತ್ತಿರದ್ದನ್ನು ತೋರಿಸುತ್ತದೆ. ತುಳುವಿನ ‘ಈ’ ಎಂದರೆ ‘ನೀನು’. ದೂರದ ಬಲೂಚಿಸ್ತಾನದ ಬ್ರಾಹುಯಿ ಭಾಷೆಯಲ್ಲಿ ‘ಈ’ ಎಂದರೆ ‘ನಾನು’. ಮೂರೂ ದ್ರಾವಿಡ ಭಾಷೆಗಳೇ. ಆದರೆ ಈ ಮೂರು ‘ಈ’ಗಳನ್ನು ಒಂದೇ ಪದವೆಂದು ಕಟ್ಟಿಹಾಕಿದರೆ ತಪ್ಪುತ್ತೇವೆ. ನಮ್ಮ ‘ನೀನು’ವಿಗೆ ನೆಂಟ ಬ್ರಾಹುಯಿಯ ‘ನೀ’. ಅದನ್ನು ಹೇಳುವುದು ಇಡೀ ಸರ್ವನಾಮ ವ್ಯವಸ್ಥೆಯ ಹೋಲಿಕೆ, ಒಂಟಿ ಸದ್ದಲ್ಲ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ ಸರ್ವನಾಮಗಳಿಗೆ ಅಷ್ಟೊಂದು ಮಹತ್ವ ಕೊಟ್ಟದ್ದು ಇದಕ್ಕೇ.

ಹೋಲಿಕೆ ಕಂಡಾಗ ಹಿಗ್ಗುವುದು ಸಹಜ, ಒಳ್ಳೆಯದೂ ಹೌದು. ಹುಡುಕಾಟ ಶುರುವಾಗುವುದೇ ಆ ಹಿಗ್ಗಿನಿಂದ. ಆದರೆ ಸತ್ಯ ಸಿಗುವುದು ವ್ಯತ್ಯಾಸವನ್ನು ತಾಳ್ಮೆಯಿಂದ ಓದಿದವರಿಗೆ. ನಮ್ಮ ಶಾಲೆಗಳು ಹಳಗನ್ನಡವನ್ನು ಪರೀಕ್ಷೆಯ ಪದ್ಯವಾಗಿ ಮುಗಿಸದೆ, ಪಾಲು ಹಾಲಾದ ಲೆಕ್ಕವನ್ನು ಮಕ್ಕಳಿಂದಲೇ ಬಿಡಿಸಲಿ. ಆ ಲೆಕ್ಕ ಬಲ್ಲ ಮಗುವಿಗೆ ಗ್ರಿಮ್ ಸೂತ್ರ ಪರದೇಶದ್ದು ಅನ್ನಿಸುವುದಿಲ್ಲ, ಸುಳ್ಳು ವಂಶಾವಳಿ ಹಿಡಿದು ಬಂದವರ ಮಾತಿಗೆ ಅದು ಸುಲಭಕ್ಕೆ ತಲೆದೂಗುವುದೂ ಇಲ್ಲ.